ದೂರು ಪೆಟ್ಟಿಗೆಯಿಂದ ಹೋದ ಚೀಟಿಗಳು

ವೀರವ್ವ ತನ್ನ ಚಿಮಟವನ್ನು ಸೆರಗಿನ ಅಂಚಿನಿಂದ ಒರೆಸಿ ಸಂಘಮಿತ್ರಾಳ ಅಂಗೈಯಲ್ಲಿಟ್ಟಳು. ಇಟ್ಟವಳು ಒಂದು ಗಳಿಗೆ ಅದನ್ನು ಬಿಡಲೇ ಇಲ್ಲ.

“ಇಪ್ಪತ್ತೆರಡು ವರ್ಷದಿಂದ ಇದ ಒಂದ ನೋಡ್ರಿ ಮೇಡಮ್ಮಾರ. ಕಂಪನಿ ಹೊಸಾದು ಕೊಡ್ತೈತಿ. ನನ್ನ ಬೆರಳಿಗೆ ಒಗ್ಗೂದಿಲ್ಲ.”

ಸಂಘಮಿತ್ರಾ ಚಿಮಟವನ್ನು ಬಾಗಿಲ ಬಿಸಿಲಿಗೆ ಹಿಡಿದಳು. ಎರಡು ಕಾಲುಗಳಲ್ಲಿ ಒಂದರ ತುದಿ ಕೊಂಚ ಸೊಟ್ಟಗಿತ್ತು. ಚೀಲದಿಂದ ಒಂದು ಬಿಳಿ ಹಾಳೆ ತೆಗೆದು, ಅದರ ಅಂಚನ್ನು ಚಿಮಟದಲ್ಲಿ ಕಚ್ಚಿಸಿ ಮೆಲ್ಲಗೆ ಎಳೆದಳು. ಹಾಳೆಯ ಒಂದು ಮಗ್ಗುಲಲ್ಲಿ ಸಣ್ಣ ಚುಕ್ಕೆ ಬಿತ್ತು. ಇನ್ನೊಂದು ಮಗ್ಗುಲಲ್ಲಿ ಉಗುರು ತಾಕಿದಂಥ ಗೀರು.

ಇದೇ ಗುರುತಿಗಾಗಿ ಆಕೆ ಆರು ದಿನಗಳಿಂದ ಅಲೆದಿದ್ದಳು. ನಲವತ್ತು ಹೆಂಗಸರ ಚಿಮಟ ನೋಡಿದ್ದಳು. ಇದು ನಲವತ್ತೊಂದನೆಯದು.

ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ವೀರವ್ವನ ಮಗ ಚನ್ನೇಶ ಒಳಬಂದ. ಕಂಪನಿಯ ಪ್ಲಾಟುಗಳ ಮೇಲ್ವಿಚಾರಕ. ಬುತ್ತಿ ಮರೆತು ಹೋಗಿದ್ದನಂತೆ. ಸಂಘಮಿತ್ರಾಳನ್ನು ಕಂಡು ಕೈ ಮುಗಿದ. ವೀರವ್ವ ತಟ್ಟನೆ ಹೋದ ವಾರ ಸಂತೆಯಲ್ಲಿ ತಂದ ಜೋಳದ ಮಾತು ತೆಗೆದಳು. ಹಾಳೆಯ ಮೇಲೆ ತನ್ನ ಕೈಯೂರಿ ಕುಳಿತಳು. ಮಗ ಬುತ್ತಿ ತೆಗೆದುಕೊಂಡು ಹೋಗಿ, ಬೈಕಿನ ಸದ್ದು ಓಣಿ ದಾಟಿದ ಮೇಲೆಯೇ ಆ ಕೈ ಎತ್ತಿದಳು.

ಹನ್ನೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ದೂರು ಬರೆದುಕೊಂಡವಳು ಸಂಘಮಿತ್ರಾ. ಈಗ ಹಾನಗಲ್ಲಿನಲ್ಲಿ ಕುಳಿತು, ಕಂಪನಿಗಳು ಕೊಟ್ಟ ಮಾತು ಉಳಿಸಿಕೊಂಡಿವೆಯೋ ಇಲ್ಲವೋ ಎಂದು ಸ್ವತಂತ್ರವಾಗಿ ತಪಾಸಣೆ ಮಾಡಿಕೊಡುತ್ತಾಳೆ. ಎದುರಿನವರು ಮಾತಾಡುವುದಕ್ಕಿಂತ ಅವರು ಯಾವಾಗ ಸುಮ್ಮನಾಗುತ್ತಾರೆ ಎಂಬುದರ ಮೇಲೆ ಅವಳ ಕಣ್ಣು.

ಕರಬಸಪ್ಪನವರ ಬೀಜದ ಕಂಪನಿ ಐದು ವರ್ಷಗಳ ಹಿಂದೆ ಅಂಥದೊಂದು ಮಾತು ಕೊಟ್ಟಿತ್ತು. ಯಾವ ಕಾನೂನೂ ಕೇಳಿರಲಿಲ್ಲ, ಯಾವ ಅಧಿಕಾರಿಯೂ ಬಂದು ಕೂತಿರಲಿಲ್ಲ. ವ್ಯಾಪಾರ ಮಾಡುವವರು ತಾವಾಗಿಯೇ ಒಪ್ಪಿ ನಡೆಯುವ ಅಂತರರಾಷ್ಟ್ರೀಯ ತತ್ವಗಳಿವೆ ಎಂದು ಹುಬ್ಬಳ್ಳಿಯ ಒಂದು ಸಭೆಯಲ್ಲಿ ಕೇಳಿ ಬಂದ ಕರಬಸಪ್ಪನವರು ಸಹಿ ಹಾಕಿದ್ದರು. ದುಡಿಯುವವರನ್ನು ಮನುಷ್ಯರಂತೆ ಕಾಣುವುದು, ನೆಲ ನೀರು ಕೆಡಿಸದಿರುವುದು, ಲಂಚ ಮುಟ್ಟದಿರುವುದು, ಹೀಗೆ ಹತ್ತು. ಅವನ್ನು ತಮ್ಮದೇ ಮಾತಿನಲ್ಲಿ ಕನ್ನಡಕ್ಕಿಳಿಸಿ ಶೆಡ್ಡಿನ ಗೇಟಿನ ಬಳಿ ದೊಡ್ಡ ಬೋರ್ಡು ಬರೆಸಿದ್ದರು. ಬೋರ್ಡಿನ ಪಕ್ಕದಲ್ಲಿ ಎರಡು ಬೀಗದ ತಗಡಿನ ದೂರು ಪೆಟ್ಟಿಗೆ ತೂಗುಹಾಕಿ ಮೂರು ವರ್ಷವಾಗಿತ್ತು.

ಒಂದು ಕೀಲಿಕೈ ಕರಬಸಪ್ಪನವರ ಮಗ, ಮ್ಯಾನೇಜರ್ ಲೋಹಿತನ ಬಳಿ. ಇನ್ನೊಂದು ಹೆಂಗಸರ ಸಮಿತಿಯ ಸರೋಜವ್ವನ ಬಳಿ. ತಿಂಗಳಿಗೊಮ್ಮೆ ಎಲ್ಲರೆದುರು, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತ ತೆರೆಯುವುದು. ಎಷ್ಟೇ ಕೆಲಸವಿರಲಿ, ಕರಬಸಪ್ಪನವರು ಆ ಹೊತ್ತಿಗೆ ಬಂದು ನಿಲ್ಲುತ್ತಿದ್ದರು. ಮೊದಲ ತಿಂಗಳು ಒಂದು ಚೀಟಿ ಸಿಕ್ಕಿದ್ದು ಬಿಟ್ಟರೆ ಪೆಟ್ಟಿಗೆ ಯಾವಾಗಲೂ ಖಾಲಿ. ದೂರುಗಳಿಲ್ಲ ಎಂದು ವರ್ಷವರ್ಷವೂ ವಿದೇಶದ ಖರೀದಿದಾರರಿಗೆ ವರದಿ ಹೋಗುತ್ತಿತ್ತು.

ಹೀಗಿರುವಾಗ ಆ ಖರೀದಿದಾರರಿಗೇ ಯಾರೋ ಒಂದು ಲಕೋಟೆ ಕಳಿಸಿದ್ದರು. ಒಳಗೆ ಪೆಟ್ಟಿಗೆಗೆಂದು ಬರೆದ ದೂರಿನ ಚೀಟಿಗಳು. ಮೇಲೆ ಯಲವಿಗಿ ಅಂಚೆಯ ಮುದ್ರೆ. ಅಲ್ಲಿ ಯಾರಿಗೂ ಕನ್ನಡ ಬಾರದು. ನಿಷ್ಪಕ್ಷಪಾತಿಯೊಬ್ಬರಿಂದ ಓದಿಸಿ ತನಿಖೆ ಮಾಡಿಸಿರೆಂದು ಅವರು ಚೀಟಿಗಳನ್ನೇ ಕರಬಸಪ್ಪನವರಿಗೆ ತಿರುಗಿ ಕಳಿಸಿದ್ದರು. ಕರಬಸಪ್ಪನವರು ಸಂಘಮಿತ್ರಾಳನ್ನು ಕರೆಸಿ ಹನ್ನೊಂದು ಚೀಟಿ ಕೈಗಿತ್ತಿದ್ದರು.

ಹತ್ತು ಚೀಟಿಗಳಲ್ಲಿ ಕುಡಿಯುವ ನೀರು, ಶೌಚಾಲಯ, ಔಷಧದ ವಾಸನೆಯ ಮಾತು. ಹನ್ನೊಂದನೆಯದರಲ್ಲಿ ಒಂದೇ ಸಾಲು: ‘ಅಡಿವೆವ್ವ ಪ್ಲಾಟಿನ್ಯಾಗ ಬಿದ್ದ ದಿನ ಜೀಪಿನ್ಯಾಗ ಒಯ್ದ್ರಿ, ಆಕಿ ಎಲ್ಲಿ ಅದಾಳ?’

ಎಲ್ಲ ಚೀಟಿಗಳ ಅಂಚಿನಲ್ಲೂ ಒಂದು ಚುಕ್ಕೆ, ಒಂದು ಗೀರು. ಕೀಲಿಕೈ ಇದ್ದವರು ಬೀಗ ತೆಗೆದು ಕೈ ಹಾಕುತ್ತಾರೆ, ಚೀಟಿಯನ್ನು ಸಂದಿನಿಂದ ಎಳೆಯುವ ಕಷ್ಟ ಅವರಿಗಿಲ್ಲ. ಇದು ಕೀಲಿಕೈ ಇಲ್ಲದವರ ಕೆಲಸ. ಬೀಜದ ಪ್ಲಾಟಿನಲ್ಲಿ ಹೆಂಗಸರು ದಿನವಿಡೀ ಮಾಡುವುದು ಕ್ರಾಸಿಂಗು: ಅರಳದ ಮೊಗ್ಗಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು, ಬೇರೆ ಗಿಡದ ಪರಾಗವನ್ನು ಮುಟ್ಟಿಸುವುದು. ಅಕ್ಕಿಕಾಳಿನಷ್ಟು ಮೊಗ್ಗಿಗೂ ನೋವಾಗದಂತೆ ಬಿಡಿಸುವ ಕೈಗೆ ಪೆಟ್ಟಿಗೆಯ ಸಂದು ಹೆಚ್ಚಲ್ಲ.

“ವೀರವ್ವಾರ, ಚೀಟಿ ತೆಗದಾಕಿ ನೀವ,” ಎಂದಳು ಸಂಘಮಿತ್ರಾ.

ವೀರವ್ವ ಎದ್ದು ಒಳಗೆ ಹೋದಳು. ಬರುವಾಗ ತಾಟಿನಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಇತ್ತು.

“ಮೊದಲ ಉಣ್ರಿ. ಹಸದ ಹೊಟ್ಟ್ಯಾಗ ಕೇಳೂ ಮಾತಲ್ಲ ಇದು.”

ಸಂಘಮಿತ್ರಾ ಉಂಡಳು. ಎದುರಿಗೆ ಕುಳಿತ ವೀರವ್ವ ರೊಟ್ಟಿ ಮುರಿಯುವ ಅವಳ ಕೈ ನೋಡುತ್ತ ಎಲ್ಲವನ್ನೂ ಹೇಳಿದಳು.

ಮೊದಲ ತಿಂಗಳು ಸಿಕ್ಕ ಆ ಚೀಟಿಯಲ್ಲಿ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಯಾರೋ ಬರೆದಿದ್ದರು. ಹೆಸರಿರಲಿಲ್ಲ. ಆದರೆ ಲೋಹಿತ ಅದನ್ನು ಎಲ್ಲರೆದುರು ಓದಿ, ಅಕ್ಷರ ನೋಡಿ ನಕ್ಕನಂತೆ. ಹಾಜರಿ ಪುಸ್ತಕದಲ್ಲಿ ಅಂಥ ಅಕ್ಷರದಲ್ಲಿ ಸಹಿ ಮಾಡುವವಳು ಒಬ್ಬಳೇ ಇದ್ದಳು. ಮುಂದಿನ ಹಂಗಾಮಿಗೆ ಅವಳಿಗೆ ಕರೆ ಬರಲಿಲ್ಲ. ಬಾಗಿಲು ಮಾತ್ರ ಬಂತು.

ಅಂದಿನಿಂದ ಪೆಟ್ಟಿಗೆ ತೆರೆಯುವ ಹಿಂದಿನ ದಿನ ವೀರವ್ವ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹೋಗತೊಡಗಿದಳು. ಚೀಟಿಯಿದ್ದರೆ ಎಳೆದು ಕುಪ್ಪಸದಲ್ಲಿಟ್ಟುಕೊಂಡು ಬರುವಳು. ಮನೆಯಲ್ಲಿ ಅಕ್ಷರ ಕೂಡಿಸಿ ಓದುವಳು. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರವನ್ನು ಅವಳು ಗಟ್ಟಿ ಮಾಡಿಕೊಂಡದ್ದು ಗೇಟಿನ ಬೋರ್ಡಿನ ಮೇಲೆ. ಆ ಹತ್ತು ಸಾಲೂ ಅವಳಿಗೆ ಬಾಯಿಪಾಠ. ನೀರಿಲ್ಲ ಎಂದು ಬರೆದಿದ್ದರೆ ಮರುದಿನ ತಾನೇ ಕೊಡ ಹೊತ್ತು ತರುವಳು. ಔಷಧ ಹೊಡೆಯುವವನು ಗಾಳಿ ನೋಡುವುದಿಲ್ಲ ಎಂದಿದ್ದರೆ, ಅವನನ್ನು ಕರೆದು ಮಜ್ಜಿಗೆ ಕೊಟ್ಟು ಕೈ ಹಿಡಿದು ಹೇಳುವಳು.

“ಹೆಣ್ಮಕ್ಕಳ ಕೆಲಸ ಉಳೀತು, ಅವರ ಮಾತೂ ನಡೀತು ಅಂತ ತಿಳಕೊಂಡೆ,” ಎಂದಳು.

ಸಂಘಮಿತ್ರಾ ತಾಟಿನಿಂದ ಕೈ ತೆಗೆದಳು. ಈ ಹೆಂಗಸಿನ ಮೇಲೆ ಸಿಟ್ಟಾಗುವುದು ಅವಳಿಂದ ಆಗುತ್ತಿರಲಿಲ್ಲ. ಆದರೂ ಹೇಳಬೇಕಿತ್ತು.

“ಹೆಣ್ಮಕ್ಕಳು ಮೂರು ವರ್ಷ ಬರದು ಹಾಕ್ಯಾರ. ಪೆಟ್ಟಿಗಿ ತಗದಾಗ ಖಾಲಿ. ನಮ್ಮ ಮಾತು ಯಾರಿಗೂ ಮುಟ್ಟೂದಿಲ್ಲ ಅಂತ ಅವರು ತಿಳಕೊಂಡ್ರು. ಇಲ್ಲಿ ಎಲ್ಲಾ ಛಲೋ ಐತಿ ಅಂತ ಹೊರದೇಶದವರು ತಿಳಕೊಂಡ್ರು. ಆ ಸುಳ್ಳಿನ ವರದಿ ಬರದಾವ ಲೋಹಿತ ಒಬ್ಬನ ಅಲ್ಲರಿ. ನೀವೂ ಬರದೀರಿ.”

ವೀರವ್ವ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಹೇಳಿ ಕೇಳಿ ಬರಸ್ಕೊಂಡ ಮಾತು ಮುರೀತಾವು, ತಂಗಿ. ಯಾರೂ ಕೇಳಲಾರದ ತಾವಾಗಿ ಕೊಟ್ಟದ್ದು ಗಟ್ಟಿ ಇರ್ತೈತಿ ಅಂತ ನನಗ ನಂಬಿಕಿ ಇತ್ತು. ಅದು ಮುರದಿದ್ದ ನಾ ಒಬ್ಬಾಕಿನ ನೋಡಿದ್ರ ಸಾಕು, ಬಾಕಿದಾವರು ನಂಬಿಕೊಂಡಿರ್ಲಿ ಅನಿಸ್ತು.”

ಮೇಡಮ್ಮಾರು ಈಗ ತಂಗಿಯಾಗಿದ್ದಳು. ಸಂಘಮಿತ್ರಾ ಅದನ್ನು ಗಮನಿಸಿದಳು, ಆದರೆ ಪ್ರಶ್ನೆ ಬಿಡಲಿಲ್ಲ. ಯಲವಿಗಿಯಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದಳು.

ವೀರವ್ವನ ಕಣ್ಣು ತುಂಬಿತು. ಗೂಟದ ಮೇಲಿದ್ದ ಚಾದರ ತೆಗೆದು ಹೊದ್ದುಕೊಂಡಳು.

“ನಡಿ. ಆಕೀಗೆ ರೊಟ್ಟಿ ಕಟಗೊಂತೇನಿ.”

ಸಂಘಮಿತ್ರಾಳ ಹಳೆಯ ಕಾರು ಹಾವೇರಿ ದಾಟಿ ಸವಣೂರಿನ ಎಲೆಬಳ್ಳಿ ತೋಟಗಳ ನಡುವೆ ಸಾಗುವಾಗ ಮಧ್ಯಾಹ್ನ ತಿರುಗಿತ್ತು. ಅಡಿವೆವ್ವ ವೀರವ್ವನ ಜೊತೆ ಪ್ಲಾಟಿನಲ್ಲಿ ದುಡಿಯುತ್ತಿದ್ದವಳು, ಬಿದ್ದದ್ದು ಶ್ರಾವಣದಲ್ಲಿ. ಎರಡು ತಿಂಗಳು ಸುಳಿವಿಲ್ಲದೆ, ಆಮೇಲೆ ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು, ‘ಅಕ್ಕಾ’ ಅಂದದ್ದೇ ತಡ ಕೈಯಲ್ಲಿದ್ದ ಮೊರ ಬಿತ್ತು ಎಂದು ವೀರವ್ವ ಹೇಳಿದಳು. ಅಂದಿನಿಂದ ಇಬ್ಬರೂ ಗುಟ್ಟಾಗಿ ಮಾತಾಡುತ್ತಿದ್ದರು. ಚೀಟಿಗಳನ್ನು ಶಿವರಾತ್ರಿಯ ಹೊತ್ತಿಗೆ ತಾನೇ ಒಯ್ದು ಅವಳ ಕೈಗಿಟ್ಟೆ ಎಂದೂ ಒಪ್ಪಿಕೊಂಡಳು. ಮನೆಯಲ್ಲಿಟ್ಟುಕೊಳ್ಳಲು ಭಯವಾಗಿತ್ತಂತೆ. ಯಾರ ಭಯ ಎಂದು ಕೇಳಿದ್ದಕ್ಕೆ ಕಿಟಕಿಯ ಕಡೆ ತಿರುಗಿದಳು.

ಯಲವಿಗಿಯ ಸ್ಟೇಷನ್ ಕಡೆಯ ಓಣಿಯಲ್ಲಿ ಜಾಹೀದಾಳ ಮನೆ. ವೀಳ್ಯದೆಲೆ ಕೊಂಡು ತಂದು, ಆಯ್ದು, ನೂರರ ಕಟ್ಟು ಕಟ್ಟಿ ರೈಲಿಗೆ ಕಳಿಸುವುದು ಅವಳ ಕಸುಬು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳ ತಾಯಿಯ ಪಕ್ಕದ ಹಾಸಿಗೆಯಲ್ಲಿ ಅಡಿವೆವ್ವ ಮಲಗಿದ್ದಳು. ತಾಯಿ ತೀರಿಕೊಂಡ ಮೇಲೆ ಜಾಹೀದಾ ಬರಿಗೈಯಲ್ಲಿ ಮನೆಗೆ ಬರಲಾರದೆ ಇವಳನ್ನು ಕರೆದುಕೊಂಡು ಬಂದಿದ್ದಳು.

ಒದ್ದೆ ಗೋಣಿಚೀಲದ ಮುಂದೆ ಕುಳಿತು ಅಡಿವೆವ್ವ ಎಲೆ ಆಯುತ್ತಿದ್ದಳು. ಮೂವತ್ತನಾಲ್ಕರ ಹೆಣ್ಣುಮಗಳು. ಬಲಗಣ್ಣಿಗೆ ಬೆಳಕಷ್ಟೇ ಗೊತ್ತಾಗುತ್ತಿತ್ತು, ಎಡಗಣ್ಣಿಗೆ ಆಕಾರ. ಬೆರಳುಗಳು ಮಾತ್ರ ಒಂದೊಂದು ಎಲೆಯ ಬೆನ್ನು ಸವರಿ, ಎಳೆಯದನ್ನು ಎಡಕ್ಕೆ, ಬಲಿತದ್ದನ್ನು ಬಲಕ್ಕೆ, ಕೀಟ ಕಡಿದದ್ದನ್ನು ಮಡಿಲಿಗೆ ಹಾಕುತ್ತಿದ್ದವು. ವೀರವ್ವ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದಳು. ಇನ್ನೊಂದು ಕೈಯಿಂದ ಅಡಿವೆವ್ವ ಕೆಲಸ ಮುಂದುವರಿಸಿದಳು.

ತಪಾಸಣೆಯವರು ಬಂದಿದ್ದಾರೆ ಎಂದಾಗ ಅವಳು ಹೆದರಲಿಲ್ಲ. ನೀವು ಬರಲಿ ಎಂದೇ ಲಕೋಟೆ ಹಾಕಿದ್ದು ಎಂದಳು.

ಆ ದಿನದ ಕಥೆಯನ್ನು ಅವಳು ಹೇಳಿದ್ದು ಹೀಗೆ. ಮೆಣಸಿನ ಪ್ಲಾಟಿನ ಬಿಳಿ ಪರದೆಯೊಳಗೆ ಔಷಧ ಹೊಡೆದಿದ್ದರು. ಹೊಡೆದ ಮೇಲೆ ಎರಡು ದಿನ ಯಾರೂ ಒಳಗೆ ಹೋಗಬಾರದು, ಇದು ಬೋರ್ಡಿನ ಮಾತು. ಆದರೆ ಹೂವು ಕಾಯುವುದಿಲ್ಲ. ಎರಡು ದಿನ ಆಗಿದೆ, ನಡೆಯಿರಿ ಎಂದರು. ಒಳಗೆ ಹೋದ ಅರ್ಧ ಗಂಟೆಗೆ ಕಣ್ಣಿಗೆ ಖಾರ ತುಂಬಿದಂತಾಯಿತು. ನೆಲ ತಿರುಗಿತು. ಎಚ್ಚರಾದಾಗ ಜೀಪು ಓಡುತ್ತಿತ್ತು. ಜೀಪು ನಡೆಸುತ್ತಿದ್ದವರು ಕರಬಸಪ್ಪನವರು.

ಸಂಘಮಿತ್ರಾ ತನ್ನ ಚೀಲದತ್ತ ನೋಡಿದಳು. ಅಡಿವೆವ್ವ ಎಲ್ಲಿದ್ದಾಳೆ ಎಂದು ಕೇಳುವ ಚೀಟಿಯನ್ನು ತನ್ನ ಕೈಗಿತ್ತವರೇ ಅವರು.

ಮೂರು ದಿನ ಅವರು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು. ನಾಲ್ಕನೆಯ ದಿನ ಖರೀದಿದಾರರ ಕಡೆಯವರು ಪ್ಲಾಟು ನೋಡಲು ಬರುವವರಿದ್ದರು. ಕರಬಸಪ್ಪನವರು ಅವಳ ಮುಂದೆ ಕೈ ಮುಗಿದು, ಎಂಟು ದಿನ ಊರಿಗೆ ಬರಬೇಡ ಎಂದು ಕೇಳಿಕೊಂಡರು. ಎಂಟು ದಿನ ಏಳು ತಿಂಗಳಾಯಿತು. ತಿಂಗಳಿಗೊಮ್ಮೆ ಬಂದು ಈ ಹೊಸ್ತಿಲ ಮೇಲೆ ಕೂರುತ್ತಿದ್ದರು. ಯಾವ ಪ್ಲಾಟು ಹೂ ಬಿಟ್ಟಿದೆ, ಹೂವು ಯಾವ ಬಣ್ಣಕ್ಕಿದೆ, ಮೊಗ್ಗು ಎಷ್ಟು ದಪ್ಪ, ಎಲ್ಲವನ್ನೂ ಅವಳಿಗೆ ಕಾಣುವಂತೆ ಹೇಳುವರು. ಆ ದಿನದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಸಂಕ್ರಾಂತಿಯಿಂದ ಈಚೆ ಬರುವುದನ್ನೇ ಬಿಟ್ಟರು.

“ಆತನ ಮ್ಯಾಗ ಸಿಟ್ಟಿಲ್ಲಂತಲ್ಲರಿ,” ಎಂದಳು ಅಡಿವೆವ್ವ. “ಐತಿ. ಸಿಟ್ಟ ಇದ್ದವರ ದಾರಿ ಕಾಯಬಾರದಂತ ಎಲ್ಲೈತಿ?”

ಜಾಹೀದಾ ಚಹಾ ತಂದಿಟ್ಟಳು. ಸಂಘಮಿತ್ರಾ ಚೀಲದಿಂದ ಚೀಟಿಗಳನ್ನು ತೆಗೆದು ಅಡಿವೆವ್ವನ ಮುಂದೆ ಒಂದೊಂದಾಗಿ ಇಟ್ಟಳು. ಅವಳು ಎಲೆ ಎಣಿಸುವ ಹಾಗೆ ಬೆರಳಿನಿಂದ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ಹನ್ನೊಂದ ಅದಾವು. ನಾ ಹನ್ನೆರಡು ಹಾಕಿದ್ದೆ. ದಪ್ಪ ಕಾಗದದ್ದು ಇದರಾಗ ಇಲ್ಲ.”

ಆ ಚೀಟಿ ಏನೆಂದು ಹೇಳಿದವಳು ಜಾಹೀದಾ. ಲಕೋಟೆಗೆ ಹಾಕುವ ಮುಂಚೆ ಎಲ್ಲವನ್ನೂ ಓದಿ ಹೇಳಿದ್ದವಳು ಅವಳೇ. ಅದೊಂದರ ಚಿತ್ರವನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಸಂಘಮಿತ್ರಾ ಪರದೆಯನ್ನು ನೆರಳಿಗೆ ತಿರುಗಿಸಿ ಓದಿದಳು. ಶಾಯಿ ಪೆನ್ನಿನ ಹಳೆಯ ಕಾಲದ ಅಕ್ಷರ.

‘ಮೆಣಸಿನ ಪ್ಲಾಟಿನಲ್ಲಿ ಔಷಧ ಹೊಡೆದ ಮೇಲಿನ ಎರಡು ದಿನ ಕಳೆಯುವ ಮೊದಲೇ ಹೆಣ್ಣುಮಕ್ಕಳನ್ನು ಒಳಗೆ ಕಳಿಸಿದವನು ನಾನು. ದಾಖಲೆ ಪುಸ್ತಕ ನಾನು ತೆರೆದು ನೋಡಲಿಲ್ಲ. ಬೋರ್ಡಿನ ಮೇಲೆ ಬರೆಸಿದ ಮಾತನ್ನು ನಾನೇ ಮುರಿದಿದ್ದೇನೆ. ನನ್ನ ಮೇಲೆ ವಿಚಾರಣೆ ನಡೆಯಲಿ. ಕರಬಸಪ್ಪ.’

ಅಂಚಿನಲ್ಲಿ ಒಂದು ಚುಕ್ಕೆ, ಒಂದು ಗೀರು.

ಧಣಿ ತನ್ನ ಪೆಟ್ಟಿಗೆಗೆ ತನ್ನ ಮೇಲೆಯೇ ದೂರು ಬರೆದು ಹಾಕಿದ್ದ. ಬಾಯಿಬಿಟ್ಟು ಹೇಳುವ ಧೈರ್ಯ ಸಾಲದ ಮುದುಕ, ಪೆಟ್ಟಿಗೆ ತೆರೆದಾಗ ಎಲ್ಲರೆದುರು ತನ್ನ ಹೆಸರು ಬರಲಿ, ಆಮೇಲೆ ಹಿಂದೆ ಸರಿಯಲು ದಾರಿಯೇ ಇರದಿರಲಿ ಎಂದು ತಿಂಗಳು ತಿಂಗಳು ಬಂದು ನಿಂತಿದ್ದ. ಅದಕ್ಕಿಂತ ಒಂದು ದಿನ ಮೊದಲೇ ವೀರವ್ವನ ಚಿಮಟ ಆ ಚೀಟಿಯನ್ನೂ ಎಳೆದುಕೊಂಡಿತ್ತು.

“ಇದನ್ನ ಓದಿಸಿ ಕೇಳಿದ ಮ್ಯಾಲ ನನಗ ತಿಳೀತು,” ಎಂದಳು ಅಡಿವೆವ್ವ. “ಆತಗ ಈ ಚೀಟಿ ಯಾರರ ತಗದು ಓದಬೇಕಾಗೇತಿ. ಇಲ್ಲಿ ಯಾರೂ ಓದೂದಿಲ್ಲ. ಓದೂ ಕಡೆ ಕಳಿಸಿದ್ರಾತು ಅಂದೆ. ಬೋರ್ಡಿನ ಬುಡಕ ಸಣ್ಣ ಅಕ್ಷರದಾಗ ಹೊರದೇಶದವರ ವಿಳಾಸ ಇತ್ತಲ್ಲ, ಅಕ್ಕ ಬರಕೊಂಡ ಬಂದ್ಲು.”

ಸಂಘಮಿತ್ರಾ ಚಹಾದ ಲೋಟ ಕೆಳಗಿಟ್ಟು ಕರಬಸಪ್ಪನವರಿಗೆ ಫೋನು ಹಚ್ಚಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಗೋಣಿಯ ಮೇಲಿಟ್ಟಳು. ಅಡಿವೆವ್ವನ ಮನೆಯಲ್ಲಿ ಕುಳಿತಿದ್ದೇನೆ, ಅವಳೂ ಕೇಳುತ್ತಿದ್ದಾಳೆ ಎಂದು ಮೊದಲೇ ತಿಳಿಸಿದಳು.

ಆ ಕಡೆಯಿಂದ ಮುದುಕರ ದನಿ ಕೇಳಿತು.

“ಆಕಿ ಉಂಡಾಳೇನು?”

ಅಡಿವೆವ್ವ ಎಲೆಗಳ ಮೇಲೆ ಬಾಗಿದಳು. ಉಂಡೀನಿ ಎಂದು ಅವಳೇ ಮೆಲ್ಲಗೆ ಹೇಳಿದಳು.

ಹನ್ನೆರಡನೆಯ ಚೀಟಿಯನ್ನು ಯಾರು ತೆಗೆದರು ಎಂದು ಕೇಳಬೇಕಾಗಲೇ ಇಲ್ಲ. ಅವರಾಗಿಯೇ ಹೇಳಿದರು. ಲಕೋಟೆ ಒಡೆದು ತಮ್ಮ ಅಕ್ಷರ ಕಂಡಾಗ ಅದೊಂದನ್ನು ತೆಗೆದಿಟ್ಟುಕೊಂಡರಂತೆ. ಪೆಟ್ಟಿಗೆಗೆ ಹಾಕುವುದು ಸಸಾರ, ಒಬ್ಬರ ಕೈಗೆ ಕೊಡುವುದು ಸಸಾರವಲ್ಲ ಎಂದರು. ಚೀಟಿ ತಮ್ಮ ಬಳಿಯೇ ಇದೆ, ನಾಳೆ ಬಂದು ಅಡಿವೆವ್ವನ ಮುಂದೆಯೇ ಕೊಡುತ್ತೇನೆ ಎಂದರು. ಅಡಿವೆವ್ವ ಬೇಡ ಎನ್ನಲಿಲ್ಲ, ಬರ್ರಿ ಎಂದೂ ಅನ್ನಲಿಲ್ಲ. ಕಣ್ಣು ಮಾತ್ರ ಒರೆಸಿಕೊಂಡಳು.

ಕೆಲಸ ಮುಗಿಯಿತು ಎಂದು ಸಂಘಮಿತ್ರಾಳಿಗೆ ಅನ್ನಿಸಿದ್ದು ಅರೆಗಳಿಗೆ.

“ಆದ್ರ ಯವ್ವಾ, ಆ ಲಕೋಟ್ಯಾಗ ನಂದು ಒಂದ ಚೀಟಿ ಇತ್ತು,” ಎಂದರು ಕರಬಸಪ್ಪನವರು. “ನಾ ಎರಡು ಬರದಿದ್ದೆ.”

“ಎರಡನೇದು ಯಾವಾಗ ಬರದ್ರಿ, ಸಾವಕಾರ್ರ?”

“ಸಂಕ್ರಾಂತಿ ಮುಂದ. ಔಷಧ ಹೊಡದು ಎರಡು ದಿನ ಆಗೇತ್ರಿ ಅಂತ ನನಗ ಒಬ್ಬಾವ ಬಂದು ಹೇಳಿದ್ದ. ನಂಬಿ ಕಳಿಸಿದೆ. ಅವತ್ತ ಮುಂಜಾನೆನ ಹೊಡದಿದ್ರಂತ, ಪುಸ್ತಕದಾಗಿನ ಆ ಹಾಳಿ ಹರದು ಒಲಿಗೆ ಹಾಕ್ಯಾನಂತ ಸಂಕ್ರಾಂತಿ ಮುಂದ ತಿಳೀತು. ಅವನ ಹೆಸರು ಬರದು ಹಾಕಿದೆ. ಅದ ತಿಂಗಳಾನೂ ಪೆಟ್ಟಿಗಿ ಖಾಲಿ. ಆ ಮ್ಯಾಲ ಅಡಿವೆವ್ವಗ ಯಾವ ಮಾರಿ ತೋರಸ್ಲಿ?”

ಸಂಘಮಿತ್ರಾ ಆ ಹೆಸರು ಕೇಳಿದಳು. ಮುದುಕರು ಕೆಮ್ಮಿದರು. ದನಿ ಇನ್ನೂ ಕೆಳಗಿಳಿಯಿತು.

“ಅದನ್ನ ನನ್ನ ಬಾಯಿಲೆ ಹೇಳಸಬ್ಯಾಡ. ಆತಗೊಬ್ಬಾಕಿ ತಾಯಿ ಅದಾಳ, ನಮ್ಮ ಪ್ಲಾಟಿನ್ಯಾಗ ದುಡ್ಯಾಕಿ. ಆಕೀ ಮಾರಿ ನೆನಸ್ಕೊಂಡ್ರ ನನಗ ಬಾಯಿ ಬರವಲ್ದು.”

ಫೋನು ಕಟ್ಟಾಯಿತು. ಸ್ಟೇಷನ್ನಿನ ಕಡೆ ಯಾವುದೋ ಗಾಡಿ ಬಂದು ನಿಲ್ಲುವ ಸದ್ದು. ಜಾಹೀದಾ ಎಲೆಯ ಕಟ್ಟುಗಳನ್ನು ಎತ್ತಿಕೊಳ್ಳಲು ಎದ್ದಳು, ಮತ್ತೆ ಕುಳಿತಳು.

ಅಡಿವೆವ್ವ ಎಲೆ ಆಯುವುದನ್ನು ನಿಲ್ಲಿಸಿದ್ದಳು. ಬಂದಾಗಿನಿಂದ ತನ್ನ ಎಡಗೈಯನ್ನು ಹಿಡಿದುಕೊಂಡೇ ಇದ್ದ ವೀರವ್ವನ ಕೈಯ ಮೇಲೆ ತನ್ನ ಬಲಗೈಯನ್ನೂ ಇಟ್ಟಳು. ಬೆರಳುಗಳು ಎಲೆಯ ಬೆನ್ನು ಸವರಿದಷ್ಟೇ ಹಗುರವಾಗಿ ಆ ಮುಂಗೈಯನ್ನು ಸವರಿದವು, ನಾಡಿಯ ಹತ್ತಿರ ಬಂದು ನಿಂತವು.

“ಅಕ್ಕಾ,” ಎಂದಳು. “ನಿನ್ನ ಕೈ ಯಾಕ ಇಷ್ಟ ತಣ್ಣಗಾತು?”